ಮೊಣಕೈ ಇಳಿದರೆ ಲೆಕ್ಕ ನಿಲ್ಲಲಿ

ಮಕ್ಕಳೇ,

ಮೊಬೈಲಿನಲ್ಲಿ ಹನ್ನೆರಡು ನಿಮಿಷದ ಟೈಮರ್ ಇಟ್ಟು, ಬಾರ್ ಎತ್ತಿ ಎದೆಗೆ ತಂದು, ಐದು ಸಲ ಕೂತೆದ್ದು, ಅದನ್ನು ಕೆಳಗಿಟ್ಟು ಓಡಿಬಂದು ಮತ್ತೆ ಅದೇ ಬಾರಿಗೆ ಕೈಹಾಕುವ ಕಸರತ್ತು ದಾವಣಗೆರೆ ದಾಟಿ ನಮ್ಮೂರು ಬಾತಿಗೂ ಬಂದಿದೆ. ಇದಕ್ಕೆ ಫಂಕ್ಷನಲ್ ಫಿಟ್‌ನೆಸ್ ಎನ್ನುತ್ತೀರಿ, ಹೈ ಇಂಟೆನ್ಸಿಟಿ ಎನ್ನುತ್ತೀರಿ. ಹೆಸರು ಏನೇ ಇರಲಿ, ಕಟ್ಟೆಯ ಮೇಲೆ ಕೂತು ಹೊತ್ತು ಕಳೆಯಬಹುದಾಗಿದ್ದ ವಯಸ್ಸಿನಲ್ಲಿ ನೀವು ಬೆಳಿಗ್ಗೆ ಎದ್ದು ಬೆವರು ಹರಿಸುತ್ತಿದ್ದೀರಿ. ಅದು ನನಗೆ ದೊಡ್ಡ ಸಂತೋಷ. ಇದನ್ನು ಬಿಡಿ ಎಂದು ಹೇಳಲು ನಾನು ಕೂತಿಲ್ಲ. ನಿಮಗೆ ಐವತ್ತಾದಾಗಲೂ ಇದನ್ನು ಮಾಡುತ್ತಿರಬೇಕು, ಅದಕ್ಕೆ ಬೇಕಾದ ಮೊಣಕಾಲು ಮತ್ತು ಬೆನ್ನು ಆಗಲೂ ನಿಮ್ಮ ಹತ್ತಿರ ಇರಬೇಕು ಎಂಬ ಆಸೆಯಿಂದ ಹೇಳುತ್ತಿದ್ದೇನೆ.

ನಾನು ಹೇಳುವುದು ಒಂದೇ ಕಸರತ್ತಿನ ಬಗ್ಗೆ, ಬಾರನ್ನು ಭುಜದ ಮುಂಭಾಗದಲ್ಲಿ ಹಿಡಿದು ಕೂತೇಳುವ ಫ್ರಂಟ್ ಸ್ಕ್ವಾಟ್ ಬಗ್ಗೆ. ಅದರ ಬಗ್ಗೆಯೂ ಒಂದೇ ಮಾತು. ಮೊಣಕೈ ಇಳಿಯಿತೆಂದರೆ ಲೆಕ್ಕ ನಿಲ್ಲಬೇಕು. ಟೈಮರ್ ಓಡುತ್ತಿರಲಿ, ಪಕ್ಕದವನು ಎರಡು ಸುತ್ತು ಮುಂದೆ ಹೋಗಿರಲಿ, ಗೆಳೆಯರು ಸುತ್ತ ನಿಂತು ಕೂಗುತ್ತಿರಲಿ, ನಿಮ್ಮ ಮೊಣಕೈ ನೆಲ ನೋಡಿದ ಮೇಲೆ ಎತ್ತಿದ್ದು ಲೆಕ್ಕಕ್ಕೆ ಬರುವುದಿಲ್ಲ. ಇನ್ನು ಮುಂದೆ ಹೇಳುವುದೆಲ್ಲ ಈ ಮಾತಿನ ವಿವರಣೆಯೇ.

ಎದೆಯ ಮೇಲಿನ ಭಾರ ನಮಗೆ ಹೊಸದಲ್ಲ

ದಾವಣಗೆರೆ ಸೀಮೆ ಗರಡಿಯ ಸೀಮೆ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬಂತೆಂದರೆ ಬಯಲು ಜಂಗೀ ಕುಸ್ತಿ ಇಲ್ಲದೆ ಜಾತ್ರೆ ಮುಗಿಯುವುದಿಲ್ಲ. ಆ ಅಖಾಡಕ್ಕೆ ಇಳಿಯುವ ಪೈಲ್ವಾನರ ತಾಲೀಮಿನಲ್ಲಿ ದಂಡ ಹೊಡೆಯುವುದು ಎಷ್ಟು ಮುಖ್ಯವೋ ಬಸ್ಕಿ ಹೊಡೆಯುವುದೂ ಅಷ್ಟೇ ಮುಖ್ಯ. ನೂರಾರು ಬಸ್ಕಿ, ಒಂದೇ ಲಯ, ಒಂದೇ ಉಸಿರಿನ ಓಟ. ನೀವು ಇಂದು ಏರ್ ಸ್ಕ್ವಾಟ್ ಎಂದು ಕರೆಯುವುದರ ಅಣ್ಣನೇ ಅದು.

ಭಾರವನ್ನು ಮುಂದೆ ಹಿಡಿಯುವುದೂ ನಮ್ಮವರಿಗೆ ಗೊತ್ತಿತ್ತು. ಹಳ್ಳಿಗಳಲ್ಲಿ ಗುಂಡುಕಲ್ಲು ಎತ್ತುವ ಪಂದ್ಯ ನೋಡಿದವರಿಗೆ ನೆನಪಿರಬೇಕು. ಕಲ್ಲನ್ನು ನೆಲದಿಂದ ಬಿಡಿಸಿ ತೊಡೆಯ ಮೇಲೆ ತಂದುಕೊಳ್ಳುತ್ತಾರೆ, ಕುಕ್ಕರಗಾಲಲ್ಲಿ ಕೂತು ಅದನ್ನು ಎದೆಗೆ ಅವುಚಿಕೊಳ್ಳುತ್ತಾರೆ, ಆಮೇಲೆ ಕಾಲಿನ ಕಸುವಿನಿಂದ ಏಳುತ್ತಾರೆ. ಆ ಏಳುವಿಕೆಯೇ ಫ್ರಂಟ್ ಸ್ಕ್ವಾಟ್. ಬೆನ್ನು ಬಾಗಿತೋ ಕಲ್ಲು ಜಾರಿ ನೆಲ ಸೇರುತ್ತದೆ. ಅಲ್ಲಿ ತಪ್ಪು ಮುಚ್ಚಿಡಲು ಜಾಗವೇ ಇರಲಿಲ್ಲ. ಒಂದು ಎತ್ತಿದರೆ ಒಂದು, ಜಾರಿದರೆ ಸೊನ್ನೆ.

ನಿಮ್ಮ ಈಗಿನ ತಾಲೀಮಿನ ಮೂಲ ಅಮೆರಿಕದ ಕ್ಯಾಲಿಫೋರ್ನಿಯಾ. 2000ರಲ್ಲಿ ಕ್ರಾಸ್‌ಫಿಟ್ ಎಂಬ ಹೆಸರಿನಲ್ಲಿ ಸಂಸ್ಥೆ ಶುರುವಾಯಿತು, 2007ರಿಂದ ಅದರ ಪಂದ್ಯಾವಳಿಯೂ ನಡೆಯುತ್ತಿದೆ. ಅವರು ಹೊಸಬರಿಗೆ ಕಲಿಸುವ ಒಂಬತ್ತು ಮೂಲ ಪಟ್ಟುಗಳಲ್ಲಿ ಮೂರು ಸ್ಕ್ವಾಟ್‌ಗಳಿವೆ. ಮೊದಲು ಬರಿಮೈಯದು, ಆಮೇಲೆ ಫ್ರಂಟ್ ಸ್ಕ್ವಾಟ್, ಅದು ಕೈಗೆ ಬಂದ ಮೇಲೆ ತಲೆಯ ಮೇಲೆ ಬಾರ್ ಹಿಡಿದು ಮಾಡುವುದು. ಈ ಕ್ರಮ ಗಮನಿಸಿ. ಅವರು ಕೂಡ ಮೊದಲು ಕೂರುವುದನ್ನು ಕಲಿಸುತ್ತಾರೆ, ಭಾರ ಆಮೇಲೆ, ಗಡಿಯಾರ ಅದಕ್ಕೂ ಆಮೇಲೆ. ನೀವು ವಿಡಿಯೊದಲ್ಲಿ ನೋಡುವ 'ಫ್ರಾನ್' ಎಂಬ ತಾಲೀಮಿನಲ್ಲಿ ಥ್ರಸ್ಟರ್ ಮತ್ತು ಪುಲ್‌ಅಪ್ ಇಪ್ಪತ್ತೊಂದು, ಹದಿನೈದು, ಒಂಬತ್ತರಂತೆ ಬರುತ್ತವೆ. ಗಂಡಸರಿಗೆ ಬಾರಿನ ತೂಕ 43 ಕೆ.ಜಿ. ಥ್ರಸ್ಟರ್ ಎಂದರೆ ಫ್ರಂಟ್ ಸ್ಕ್ವಾಟ್ ಮಾಡಿ ಎದ್ದ ರಭಸದಲ್ಲೇ ಬಾರನ್ನು ತಲೆಯ ಮೇಲಕ್ಕೆ ತಳ್ಳುವುದು. ಅಲ್ಲಿಗೆ ಒಂದೇ ತಾಲೀಮಿನಲ್ಲಿ 45 ಫ್ರಂಟ್ ಸ್ಕ್ವಾಟ್ ಆಯಿತು. ಐದನ್ನು ಸರಿಯಾಗಿ ಮಾಡಲು ಬಾರದವನು ನಲವತ್ತೈದಕ್ಕೆ ಕೈಹಾಕಿದರೆ ನಲವತ್ತು ಸಲ ತಪ್ಪನ್ನೇ ಅಭ್ಯಾಸ ಮಾಡಿದಂತೆ.

ಕುಂದಾಪುರದ ಹುಡುಗನಿಂದ ಕಲಿಯುವುದು

ಫ್ರಂಟ್ ಸ್ಕ್ವಾಟ್ ಏನು ಮಾಡಬಲ್ಲದು ಎಂದು ನೋಡಲು ಅಮೆರಿಕಕ್ಕೆ ಹೋಗಬೇಕಿಲ್ಲ. ಉಡುಪಿ ಜಿಲ್ಲೆಯ ಕುಂದಾಪುರ ಕಡೆಯ ಗುರುರಾಜ ಪೂಜಾರಿ ನಮ್ಮ ಕಣ್ಣೆದುರಿಗಿದ್ದಾರೆ. ತಂದೆ ವಾಹನ ಓಡಿಸಿ ಸಂಸಾರ ಸಾಗಿಸಿದವರು. ಹುಡುಗನಿಗೆ ಮೊದಲು ಹುಚ್ಚು ಹಿಡಿದದ್ದು ಕುಸ್ತಿಯದು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಸುಶೀಲ್ ಕುಮಾರ್ ಕಂಚು ಗೆದ್ದದ್ದು ಅವರನ್ನು ಅಖಾಡಕ್ಕೆ ಎಳೆದಿತ್ತು. ಆಮೇಲೆ ಭಾರ ಎತ್ತುವ ಕಡೆ ತಿರುಗಿ, ಉಜಿರೆಯ ಎಸ್‌ಡಿಎಂ ಕಾಲೇಜಿನಲ್ಲಿ ಪಳಗಿ, ವಾಯುಪಡೆ ಸೇರಿದರು.

2018ರ ಏಪ್ರಿಲ್‌ನಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕೆ.ಜಿ. ವಿಭಾಗದಲ್ಲಿ ಅವರು ಬೆಳ್ಳಿ ಗೆದ್ದರು. ಸ್ನ್ಯಾಚ್‌ನಲ್ಲಿ 111, ಕ್ಲೀನ್ ಅಂಡ್ ಜರ್ಕ್‌ನಲ್ಲಿ 138, ಒಟ್ಟು 249 ಕೆ.ಜಿ. ಆ ಕೂಟದಲ್ಲಿ ಭಾರತಕ್ಕೆ ಸಿಕ್ಕ ಮೊದಲ ಪದಕ ಅದು. 138 ಎಂದರೆ ತನ್ನ ಮೈತೂಕದ ಸುಮಾರು ಎರಡೂವರೆ ಪಟ್ಟು. ಅದನ್ನು ಎತ್ತಲು ಮೊದಲ ಎರಡು ಯತ್ನಗಳಲ್ಲಿ ಆಗಲಿಲ್ಲ, ಮೂರನೆಯದರಲ್ಲಿ ಆಯಿತು. 2022ರ ಬರ್ಮಿಂಗ್‌ಹ್ಯಾಮ್ ಕೂಟದಲ್ಲಿ 61 ಕೆ.ಜಿ. ವಿಭಾಗದಲ್ಲಿ ಮತ್ತೆ 269 ಕೆ.ಜಿ. ಎತ್ತಿ ಕಂಚು ತಂದರು.

ಅವರ ಕ್ಲೀನ್ ಅಂಡ್ ಜರ್ಕ್‌ನ ವಿಡಿಯೊ ನೋಡುವಾಗ ತಲೆಯ ಮೇಲೆ ಹೋದ ಬಾರನ್ನಷ್ಟೇ ನೋಡಬೇಡಿ. ನಡುವಿನ ಆ ಕ್ಷಣ ನೋಡಿ. ಬಾರನ್ನು ನೆಲದಿಂದ ಎಳೆದು, ಅದರ ಕೆಳಗೆ ನುಸುಳಿ, ಭುಜದ ಮೇಲೆ ಹಿಡಿದು ತಳದಲ್ಲಿ ಕೂತಿರುತ್ತಾರೆ. ಅಲ್ಲಿಂದ ಏಳುವುದು ಪೂರ್ತಿ ಫ್ರಂಟ್ ಸ್ಕ್ವಾಟ್. ಮೊಣಕೈ ಎದುರಿನವರತ್ತ ತೋರುತ್ತಿರುತ್ತದೆ, ಎದೆ ನೆಟ್ಟಗಿರುತ್ತದೆ. ಅಷ್ಟು ಭಾರದ ಕೆಳಗೆ ಮೊಣಕೈ ಸ್ವಲ್ಪ ಕುಸಿದರೂ ಬಾರ್ ಮುಂದಕ್ಕೆ ಉರುಳಿ ನೆಲಕ್ಕೆ ಬೀಳುತ್ತದೆ. ಪದಕ ತೂಗಾಡುವುದು ಆ ಮೊಣಕೈಯ ಮೇಲೆ.

ಭಾರ ಮುಂದಿದ್ದರೆ ಏನಾಗುತ್ತದೆ

ಬಾರ್ ಬೆನ್ನಿನ ಮೇಲಿದ್ದರೆ ಮೈ ಮುಂದಕ್ಕೆ ಬಾಗಿ ತೂಕ ಸರಿದೂಗಿಸಿಕೊಳ್ಳುತ್ತದೆ. ಕಾಲು ಸೋತಾಗ ಸೊಂಟ ಆ ಕೆಲಸವನ್ನು ತಾನೇ ಹೊತ್ತುಕೊಂಡು ನಿಮ್ಮನ್ನು ಮೇಲಕ್ಕೆ ತರುತ್ತದೆ. ಎದ್ದೆವೆಂದು ಖುಷಿಯಾಗುತ್ತದೆ, ಸಾಲ ಮಾತ್ರ ಸೊಂಟದ ಹೆಸರಿನಲ್ಲಿ ಬೆಳೆಯುತ್ತದೆ. ಬಾರ್ ಮುಂದಿದ್ದರೆ ಹಾಗೆ ಬಾಗಲು ಬಿಡುವುದಿಲ್ಲ. ಮೈ ನೆಟ್ಟಗಿದ್ದರೆ ಮಾತ್ರ ಅದು ಭುಜದ ಮೇಲೆ ನಿಲ್ಲುತ್ತದೆ. ಹಾಗಾಗಿ ತೊಡೆಯ ಮುಂಭಾಗ, ಹೊಟ್ಟೆಯ ಸುತ್ತಲಿನ ಸ್ನಾಯು, ಮೇಲ್ಬೆನ್ನು ಮೂರೂ ಒಟ್ಟಿಗೆ ದುಡಿಯಲೇಬೇಕು. ಒಂದು ಸೋತರೆ ತಕ್ಷಣ ಗೊತ್ತಾಗುತ್ತದೆ.

ಇನ್ನೊಂದು ಲಾಭ ಮೊಣಕಾಲಿಗೆ. ಪಳಗಿದ ಹದಿನೈದು ಜನರನ್ನು ಇಟ್ಟುಕೊಂಡು ಎರಡೂ ಬಗೆಯ ಸ್ಕ್ವಾಟ್ ಅಳೆದ ಅಮೆರಿಕದ ಅಧ್ಯಯನವೊಂದು 2009ರಲ್ಲಿ ಪ್ರಕಟವಾಯಿತು. ಸ್ನಾಯುಗಳು ದುಡಿದ ಪ್ರಮಾಣ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಮೊಣಕಾಲಿನ ಮೇಲೆ ಬಿದ್ದ ಒತ್ತಡ ಮಾತ್ರ ಮುಂದೆ ಹಿಡಿದಾಗ ಕಡಿಮೆ. ಮುಂದೆ ಹಿಡಿಯುವಾಗ ಬಾರಿನ ಮೇಲಿನ ತೂಕವೇ ಕಡಿಮೆ ಇರುತ್ತದೆ ಎಂಬುದನ್ನೂ ಮರೆಯಬೇಡಿ. ಬೆನ್ನಿನ ಮೇಲೆ 100 ಕೆ.ಜಿ. ಹೊತ್ತು ಏಳುವವನು ಮುಂದೆ ಹಿಡಿದು ಏಳುವುದು ಸಾಮಾನ್ಯವಾಗಿ 80-85 ಕೆ.ಜಿ. ಅಂದರೆ ಕಡಿಮೆ ಭಾರದಲ್ಲಿ ಕಾಲಿಗೆ ಅಷ್ಟೇ ಕೆಲಸ. ತೂಕ ಕಡಿಮೆಯಾಯಿತೆಂದು ನಾಚಿಕೆಪಡುವ ಮಾತೇ ಇಲ್ಲ, ಅದೇ ಈ ಕಸರತ್ತಿನ ಹಿರಿಮೆ.

ಹಿಡಿಯುವುದು, ಕೂರುವುದು, ಉಸಿರು

ಬಾರಿನ ಮುಂದೆ ನಿಂತಾಗ ಆತುರ ಬೇಡ. ರ್ಯಾಕ್‌ನಲ್ಲಿರುವ ಬಾರ್ ನಿಮ್ಮ ಎದೆಯ ಮೇಲ್ಭಾಗದ ಮಟ್ಟಕ್ಕಿರಲಿ. ಭುಜಕ್ಕಿಂತ ನಾಲ್ಕು ಬೆರಳು ಹೊರಗೆ ಕೈ ಇಡಿ. ಬಾರಿನ ಕೆಳಗೆ ಹೋಗಿ ಅದನ್ನು ಭುಜದ ಮುಂಭಾಗದ ಉಬ್ಬಿನ ಮೇಲೆ, ಕೊರಳಿಗೆ ಹತ್ತಿರ ಕೂರಿಸಿ. ಈಗ ಮೊಣಕೈಯನ್ನು ಮುಂದಕ್ಕೆ ಮೇಲಕ್ಕೆ ಎತ್ತಿ, ತೋಳು ನೆಲಕ್ಕೆ ಸಮವಾಗುವಷ್ಟು. ಭಾರ ಹೊರುವುದು ಭುಜ, ಕೈಯಲ್ಲ. ಕೈಯ ಕೆಲಸ ಬಾರ್ ಉರುಳದಂತೆ ಕಾಯುವುದಷ್ಟೇ. ಅದಕ್ಕೆ ಎರಡು ಮೂರು ಬೆರಳು ಸಾಕು. ಅಂಗೈ ತುಂಬ ಹಿಡಿದುಕೊಂಡರೆ ಮಣಿಕಟ್ಟು ನೋಯುತ್ತದೆ, ಮೊಣಕೈಯೂ ಇಳಿಯುತ್ತದೆ. ಸರಿಯಾಗಿ ಕೂತಿದೆಯೇ ಎಂದು ನೋಡಲು ಖಾಲಿ ಬಾರ್ ಇಟ್ಟುಕೊಂಡು ಎರಡೂ ಕೈಯನ್ನು ಮುಂದಕ್ಕೆ ನೇರ ಚಾಚಿ ನಿಲ್ಲಿ. ಬಾರ್ ಕದಲದಿದ್ದರೆ ಜಾಗ ಸರಿ ಇದೆ ಎಂದರ್ಥ.

ಮಣಿಕಟ್ಟು ಬಗ್ಗದವರು ಕೈಗಳನ್ನು ಎದೆಯ ಮುಂದೆ ಕತ್ತರಿ ಹಾಕಿ ಹಿಡಿಯಬಹುದು. ಇಲ್ಲವೇ ಬಾರಿಗೆ ಎರಡು ಪಟ್ಟಿ ಸುತ್ತಿ ಆ ಪಟ್ಟಿಯನ್ನು ಹಿಡಿಯಬಹುದು. ಬಾರನ್ನು ನೆಲದಿಂದ ಭುಜಕ್ಕೆ ತರುವ ಕ್ಲೀನ್ ಮಾಡುವ ಆಸೆ ಇರುವವರು ಮಾತ್ರ ದಿನಾ ಹತ್ತು ನಿಮಿಷ ಮಣಿಕಟ್ಟು, ಕಂಕುಳ ಹಿಂಭಾಗ, ಮೇಲ್ಬೆನ್ನು ಸಡಿಲ ಮಾಡಿಕೊಳ್ಳಲೇಬೇಕು. ಬಾರ್ ಕೊರಳನ್ನು ಬಲವಾಗಿ ಒತ್ತಿ ಕಣ್ಣು ಕತ್ತಲೆ ಬಂದರೆ ಹಟ ಹಿಡಿಯಬೇಡಿ. ಬಾರ್ ಇಳಿಸಿ, ಕೂತು ಸುಧಾರಿಸಿಕೊಳ್ಳಿ.

ಕೂರುವಾಗ ಹಿಮ್ಮಡಿ ನೆಲ ಬಿಡಬಾರದು, ಮೊಣಕಾಲು ಪಾದದ ಬೆರಳುಗಳ ದಿಕ್ಕಿನಲ್ಲೇ ಸಾಗಬೇಕು. ನಮ್ಮ ಹೊಲಗಳಲ್ಲಿ ಕಳೆ ಕೀಳುವ ಹೆಣ್ಣುಮಕ್ಕಳನ್ನು ನೋಡಿ. ಗಂಟೆಗಟ್ಟಲೆ ಕುಕ್ಕರಗಾಲಲ್ಲಿ ಸರಿಯುತ್ತಾರೆ, ಹಿಮ್ಮಡಿ ನೆಲದಲ್ಲೇ ಇರುತ್ತದೆ. ಅವರ ಪಾದದ ಕೀಲು ಬಾಗುವಷ್ಟು ಬೆಂಚು, ಕುರ್ಚಿ, ಬೈಕಿನ ಮೇಲೆ ಬೆಳೆದ ನಿಮ್ಮದು ಬಾಗುವುದಿಲ್ಲ. ಅದಕ್ಕೇ ಹಿಮ್ಮಡಿ ಏಳುತ್ತದೆ, ಹಿಮ್ಮಡಿ ಎದ್ದರೆ ಮೈ ಮುಂದೆ ಬಾಗುತ್ತದೆ, ಮೈ ಬಾಗಿದರೆ ಮೊಣಕೈ ಇಳಿಯುತ್ತದೆ. ಒಂದಕ್ಕೊಂದು ಹೀಗೆ ಹೆಣೆದುಕೊಂಡಿದೆ. ದಿನಕ್ಕೆ ಐದು ನಿಮಿಷ ಕುಕ್ಕರಗಾಲಲ್ಲಿ ಕೂತು ಪತ್ರಿಕೆ ಓದಿ. ದುಡ್ಡು ಖರ್ಚಿಲ್ಲದ ಮದ್ದು ಅದು. ಮೆತ್ತನೆ ತಳದ ಓಟದ ಬೂಟು ಹಾಕಿ ಭಾರ ಎತ್ತಬೇಡಿ, ತಳ ಗಟ್ಟಿಯಾಗಿ ಚಪ್ಪಟೆಯಾಗಿರಲಿ.

ಇನ್ನು ಉಸಿರು. ಗಾಳಿ ತುಂಬಿದ ಟ್ಯೂಬಿನ ಮೇಲೆ ಹೈವೇಯ ಲಾರಿ ಹದಿನೈದು ಟನ್ ಹೊತ್ತು ಓಡುತ್ತದೆ, ಗಾಳಿ ಇಳಿದ ಟ್ಯೂಬು ಖಾಲಿ ಲಾರಿಯನ್ನೂ ಹೊರದು. ನಿಮ್ಮ ಹೊಟ್ಟೆಯೂ ಹಾಗೆಯೇ. ಮೇಲೆ ನಿಂತಾಗ ಪಕ್ಕೆ, ಬೆನ್ನು ಎಲ್ಲ ಹಿಗ್ಗುವಂತೆ ಉಸಿರು ತುಂಬಿ, ಹೊಟ್ಟೆ ಬಿಗಿ ಮಾಡಿ, ಕೂತು, ಏಳುವಾಗ ಕಷ್ಟದ ಜಾಗ ದಾಟಿದ ಮೇಲೆ ಬಿಡಿ. ಒಂದು ಸ್ಕ್ವಾಟಿಗೆ ಒಂದು ಉಸಿರು. ಗಡಿಯಾರದ ತಾಲೀಮಿನಲ್ಲಿ ಎಲ್ಲರೂ ಮೊದಲು ಕಳೆದುಕೊಳ್ಳುವುದು ಇದನ್ನೇ. ಏದುಸಿರಿನಲ್ಲಿ ಅರ್ಧ ಗಾಳಿ ಎಳೆದು ಕೂರುತ್ತಾರೆ. ಏದುಸಿರು ಬಂದಿದ್ದರೆ ಮೇಲೆ ನಿಂತು ಎರಡು ಉಸಿರು ಜಾಸ್ತಿ ತೆಗೆದುಕೊಳ್ಳಿ, ಐದು ಸೆಕೆಂಡಿನಲ್ಲಿ ಏನೂ ಮುಳುಗುವುದಿಲ್ಲ. ರಕ್ತದೊತ್ತಡ ಇರುವವರು, ಶಸ್ತ್ರಚಿಕಿತ್ಸೆ ಆದವರು, ಗರ್ಭಿಣಿಯರು ಡಾಕ್ಟರನ್ನು ಕೇಳದೆ ಉಸಿರು ಕಟ್ಟಿ ಭಾರ ಎತ್ತಬಾರದು.

ಗಡಿಯಾರದ ಮುಂದೆ ಆಗುವುದೇನು

ಮೂರನೇ ಸುತ್ತಿನಲ್ಲಿರುವ ಒಬ್ಬ ಹುಡುಗನನ್ನು ಪಕ್ಕದಲ್ಲಿ ನಿಂತು ನೋಡಿ. ಮೊದಲ ನಾಲ್ಕು ಸಲ ಚೆನ್ನಾಗಿಯೇ ಎದ್ದಿದ್ದಾನೆ. ಐದನೆಯದಕ್ಕೆ ಬಾರ್ ಭುಜದಿಂದ ಒಂದು ಅಂಗುಲ ಮುಂದೆ ಸರಿದಿದೆ, ಅವನಿಗೆ ಗೊತ್ತಾಗಿಲ್ಲ. ಆರನೆಯದರಲ್ಲಿ ಮೊಣಕೈ ನೆಲ ನೋಡುತ್ತಿದೆ, ಭಾರ ಬೆರಳುಗಳ ಮೇಲೆ ಬಂದು ಮಣಿಕಟ್ಟು ಹಿಂದಕ್ಕೆ ಮಡಚಿದೆ. ಏಳನೆಯದಕ್ಕೆ ಮೇಲ್ಬೆನ್ನು ಗೂನಾಗಿದೆ, ತಳದಿಂದ ಏಳುವಾಗ ಸೊಂಟ ಮೊದಲು ಮೇಲೆ ಹೋಗಿ ಎದೆ ಹಿಂದೆ ಉಳಿದಿದೆ, ಮೊಣಕಾಲು ಒಳಕ್ಕೆ ಸೇರಿದೆ. ಎಂಟು, ಒಂಬತ್ತು, ಹತ್ತು ಎಂದು ಗೆಳೆಯರು ಕೂಗುತ್ತಿದ್ದಾರೆ. ಅವನ ಕಾಲಿನಲ್ಲಿ ಇನ್ನೂ ಕಸುವಿದೆ, ಸೋತದ್ದು ಮೇಲ್ಬೆನ್ನು. ಕಾಲು ಎಳೆಯುತ್ತಿದೆ ಎಂದು ಅವನು ನಂಬಿದ್ದಾನೆ, ಎಳೆಯುತ್ತಿರುವುದು ಸೊಂಟದ ಬೆನ್ನೆಲುಬು.

ಸುತ್ತಲಿನವರು ಕೂಗುವಾಗ ಕಾಲಿನ ಉರಿ ಕೇಳಿಸುತ್ತದೆ, ಬೆನ್ನಿನ ಮಾತು ಕೇಳಿಸುವುದಿಲ್ಲ. ಮೊಣಕೈ ಮಾತ್ರ ಎಲ್ಲರ ಕಣ್ಣಿಗೂ ಕಾಣುತ್ತದೆ. ಅದು ಆರನೆಯದರಲ್ಲೇ ಹೇಳಿತ್ತು. ಆಗಲೇ ಬಾರ್ ಇಳಿಸಿ ಹತ್ತು ಸೆಕೆಂಡು ನಿಂತಿದ್ದರೆ ಉಳಿದ ನಾಲ್ಕೂ ಚೆನ್ನಾಗಿ ಆಗುತ್ತಿದ್ದವು. ಆದ್ದರಿಂದ ಇಬ್ಬಿಬ್ಬರು ಜೋಡಿಯಾಗಿ ತಾಲೀಮು ಮಾಡಿ. ಒಬ್ಬರು ಎತ್ತಲಿ, ಇನ್ನೊಬ್ಬರು ಪಕ್ಕದಿಂದ ಮೊಣಕೈ ನೋಡಲಿ. ಇಳಿಯಿತೆಂದರೆ 'ಸಾಕು' ಎನ್ನಲಿ. ಎತ್ತುವವರು ಎದುರು ಮಾತಾಡದೆ ಬಾರ್ ಇಳಿಸಲಿ. ಗೆಳೆತನದಲ್ಲಿ ಇದಕ್ಕಿಂತ ದೊಡ್ಡ ಸಹಾಯ ನಿಮ್ಮ ತಾಲೀಮಿನ ಶೆಡ್ಡಿನೊಳಗೆ ಇಲ್ಲ.

ಭಾರ ಎಷ್ಟಿಡಬೇಕು ಎಂದು ಕೇಳುತ್ತೀರಿ. ದಣಿವಿಲ್ಲದಾಗ ನೀವು ಒಮ್ಮೆ ಚೆನ್ನಾಗಿ ಏಳಬಲ್ಲ ತೂಕದ ಅರ್ಧದಿಂದ ಶುರು ಮಾಡಿ. 60 ಕೆ.ಜಿ. ಹಿಡಿದು ಒಮ್ಮೆ ಏಳುವವರು ಗಡಿಯಾರದ ತಾಲೀಮಿಗೆ 30 ಇಡಲಿ. ಇನ್ನೊಂದು ಪರೀಕ್ಷೆ ಇದೆ. ಒಂದು ಸುತ್ತಿಗೆ ಎಷ್ಟು ಮಾಡಬೇಕೋ ಅದರ ಎರಡರಷ್ಟನ್ನು ದಣಿವಿಲ್ಲದಾಗ ನಿಲ್ಲಿಸದೆ ಮಾಡಲು ಬರಬೇಕು. ಬರದಿದ್ದರೆ ಪ್ಲೇಟ್ ತೆಗೆಯಿರಿ. ಮೊದಲ ಸುತ್ತಿಗೆ ತಕ್ಕ ತೂಕ ಎಲ್ಲರಿಗೂ ಗೊತ್ತಿರುತ್ತದೆ, ಕೊನೆಯ ಸುತ್ತಿಗೆ ತಕ್ಕ ತೂಕ ಇಡುವವನೇ ಬಲ್ಲವನು.

ಯಾವುದರ ಜತೆ ಜೋಡಿಸಬೇಕು ಎಂಬುದೂ ಮುಖ್ಯ. ಪುಲ್‌ಅಪ್ ಕೈಯ ಹಿಡಿತ ಬೇಡುತ್ತದೆ, ಫ್ರಂಟ್ ಸ್ಕ್ವಾಟ್ ಅಷ್ಟಾಗಿ ಬೇಡುವುದಿಲ್ಲ, ಅದರಿಂದ ಆ ಜೋಡಿ ನಡೆಯುತ್ತದೆ. ಓಟ, ಸ್ಕಿಪ್ಪಿಂಗ್, ದಂಡ ಕೂಡ ಸರಿ. ಡೆಡ್‌ಲಿಫ್ಟ್, ಕೆಟಲ್‌ಬೆಲ್ ಬೀಸುವುದು, ರೋಯಿಂಗ್ ಇವೆಲ್ಲ ಬೆನ್ನನ್ನು ಮೊದಲೇ ದಣಿಸಿಬಿಡುತ್ತವೆ. ಅವುಗಳ ಬೆನ್ನಿಗೇ ಭಾರದ ಫ್ರಂಟ್ ಸ್ಕ್ವಾಟ್ ಇಡಬೇಡಿ.

ಮೂರು ತಿಂಗಳ ದಾರಿ

ಮೊದಲ ಎರಡು ವಾರ ಬಾರ್ ಮುಟ್ಟಬೇಡಿ. ಕೆಟಲ್‌ಬೆಲ್ ಇದ್ದರೆ ಅದು, ಇಲ್ಲದಿದ್ದರೆ ಐದು ಕೆ.ಜಿ. ಅಕ್ಕಿಯ ಚೀಲ. ಎದೆಗೆ ಅವುಚಿ ಕೂತು, ತಳದಲ್ಲಿ ಎರಡು ಸೆಕೆಂಡು ನಿಂತು, ಏಳಿ. ಎಂಟರಂತೆ ಮೂರು ಸಲ, ವಾರಕ್ಕೆ ಮೂರು ದಿನ. ಮೂರು, ನಾಲ್ಕನೇ ವಾರ ಖಾಲಿ ಬಾರ್, ಐದರಂತೆ ಐದು ಸಲ, ನಡುವೆ ಎರಡು ನಿಮಿಷ ವಿಶ್ರಾಂತಿ. ಐದರಿಂದ ಎಂಟನೇ ವಾರದವರೆಗೆ ಮೊಣಕೈ ನಿಂತಿದ್ದರೆ ಮಾತ್ರ ವಾರಕ್ಕೆ ಎರಡೂವರೆಯಿಂದ ಐದು ಕೆ.ಜಿ. ಏರಿಸಿ. ಈ ಎರಡು ತಿಂಗಳು ಗಡಿಯಾರ ಬೇಕೆನಿಸಿದರೆ ಓಟಕ್ಕೆ, ದಂಡಕ್ಕೆ ಇಟ್ಟುಕೊಳ್ಳಿ. ಬಾರಿಗೆ ಬೇಡ.

ಒಂಬತ್ತನೇ ವಾರದಿಂದ ಬಾರನ್ನೂ ಗಡಿಯಾರವನ್ನೂ ಪರಿಚಯ ಮಾಡಿಸಿ. ಪ್ರತಿ ನಿಮಿಷದ ಮೊದಲಿಗೆ ಮೂರು ಫ್ರಂಟ್ ಸ್ಕ್ವಾಟ್, ಉಳಿದ ಸಮಯ ವಿಶ್ರಾಂತಿ, ಹೀಗೆ ಹತ್ತು ನಿಮಿಷ. ಮೂವತ್ತು ಸ್ಕ್ವಾಟ್ ಆಗುತ್ತದೆ, ಒಂದರಲ್ಲೂ ಮೊಣಕೈ ಇಳಿಯಬೇಕಿಲ್ಲ. ಎರಡು ವಾರ ಕಳೆದ ಮೇಲೆ ಐದು ಫ್ರಂಟ್ ಸ್ಕ್ವಾಟ್, ಹತ್ತು ದಂಡ, ಇನ್ನೂರು ಮೀಟರ್ ಓಟ, ಹೀಗೆ ಐದು ಸುತ್ತು. ಇದರಲ್ಲಿ ಮೊದಲ ಸುತ್ತಿಗೂ ಕೊನೆಯ ಸುತ್ತಿಗೂ ಹೆಚ್ಚು ಅಂತರ ಬಾರದಂತೆ ಓಡುವುದೇ ಗೆಲುವು. ವಾರದಲ್ಲಿ ಒಂದು ದಿನ ಭಾರದ್ದು, ಒಂದು ದಿನ ಗಡಿಯಾರದ್ದು ಇರಲಿ, ನಡುವೆ ಎರಡು ದಿನ ಅಂತರ ಇರಲಿ.

ಸಾಮಾನಿನ ಬಗ್ಗೆ ಎರಡು ಮಾತು. ಪಂದ್ಯದ ಬಾರ್ ಗಂಡಸರದು 20 ಕೆ.ಜಿ., ಹೆಂಗಸರದು 15 ಕೆ.ಜಿ. ನಮ್ಮ ಕಡೆ ಸಿಗುವ ರಾಡುಗಳ ತೂಕ ಒಂದೊಂದರದು ಒಂದೊಂದು. ತಕ್ಕಡಿಗೆ ಹಾಕಿ ತೂಗಿ, ಮೇಲೆ ಬಣ್ಣದಲ್ಲಿ ಬರೆದಿಡಿ. ಏಳಲು ಆಗದಿದ್ದರೆ ಏನು ಮಾಡಬೇಕೆಂದು ಖಾಲಿ ಬಾರಿನಲ್ಲೇ ಕಲಿಯಿರಿ. ಮೊಣಕೈ ಇಳಿಸಿ, ಬಾರ್ ಮುಂದಕ್ಕೆ ಬಿಟ್ಟು, ನೀವು ಹಿಂದಕ್ಕೆ ಹಾರಬೇಕು. ಅದಕ್ಕೆ ಎದುರಿಗೆ ಯಾರೂ ನಿಂತಿರಬಾರದು, ನೀರಿನ ಬಾಟಲಿ ಕೂಡ ಇರಬಾರದು. ಕಾಂಕ್ರೀಟ್ ನೆಲದ ಮೇಲೆ ದಪ್ಪ ರಬ್ಬರ್ ಮ್ಯಾಟ್ ಹಾಸಿ. ಹಿಂದೆ ನಿಂತು ಹಿಡಿಯಲು ಹೋಗುವ ಗೆಳೆಯ ಇಲ್ಲಿ ಸಹಾಯಕ್ಕಿಂತ ಅಡ್ಡಿಯೇ ಹೆಚ್ಚು.

ಹೆಣ್ಣುಮಕ್ಕಳಿಗೆ

ತಾಯಂದಿರೇ, ಈ ಮಾತು ನಿಮಗೂ ಅಷ್ಟೇ ಸೇರಿದ್ದು. ಭಾರ ಎತ್ತಿದರೆ ಗಂಡಸರಂತೆ ಆಗುತ್ತೀರಿ ಎಂದು ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡಿ. ಒಲಿಂಪಿಕ್ಸ್‌ನಲ್ಲಿ ಪದಕ ಗೆದ್ದ ಮೊದಲ ಭಾರತೀಯ ಮಹಿಳೆ ಕರ್ಣಂ ಮಲ್ಲೇಶ್ವರಿ, 2000ರ ಸಿಡ್ನಿಯಲ್ಲಿ, ಭಾರ ಎತ್ತಿಯೇ. ಟೋಕಿಯೊದಲ್ಲಿ ಮೀರಾಬಾಯಿ ಚಾನು 49 ಕೆ.ಜಿ. ವಿಭಾಗದಲ್ಲಿ ಕ್ಲೀನ್ ಅಂಡ್ ಜರ್ಕ್‌ನಲ್ಲಿ 115 ಎತ್ತಿ ಬೆಳ್ಳಿ ತಂದರು. ಪದಕದ ಮಾತು ಬಿಡಿ. ಹರೆಯದಲ್ಲಿ ಮೂಳೆಗೆ ಭಾರದ ಅಭ್ಯಾಸವಾದರೆ ಅದು ಗಟ್ಟಿಯಾಗುತ್ತದೆ, ವಯಸ್ಸಾದ ಮೇಲೆ ಆ ಗಟ್ಟಿತನವೇ ಕಾಯುತ್ತದೆ. ಮನೆಯವರು ಒಪ್ಪದಿದ್ದರೆ ನನ್ನ ಹತ್ತಿರ ಕರೆತನ್ನಿ, ನಾನು ಮಾತಾಡುತ್ತೇನೆ. ಗಂಡುಹುಡುಗರೇ, ಅವರು ಬಾರ್ ಹಿಡಿದಾಗ ನಗುವುದು, ವಿಡಿಯೊ ತೆಗೆಯುವುದು ನಮ್ಮೂರಿನಲ್ಲಿ ನಡೆಯಬಾರದು.

ಊಟ, ನಿದ್ದೆ, ಬಿಸಿಲು

ಬೆವರು ಹರಿಸಿ ಬಂದು ಮಂಡಕ್ಕಿ ಮಿರ್ಚಿಯಲ್ಲೇ ಹೊಟ್ಟೆ ತುಂಬಿಸಿಕೊಂಡರೆ ಸ್ನಾಯು ಕಟ್ಟುವುದಿಲ್ಲ. ನಾನು ಅದನ್ನು ಬಿಡಿ ಎನ್ನುವುದಿಲ್ಲ, ದಾವಣಗೆರೆಯವರಿಗೆ ಅದನ್ನು ಬಿಡಿಸಲು ಯಾರಿಂದಲೂ ಆಗದು. ಅದು ಸಂಜೆಯ ತಿಂಡಿಯಾಗಿರಲಿ, ತಾಲೀಮಿನ ಊಟವಾಗದಿರಲಿ. ಭಾರ ಎತ್ತುವವರಿಗೆ ಮೈತೂಕದ ಪ್ರತಿ ಕೆ.ಜಿ.ಗೆ ಸುಮಾರು ಒಂದೂವರೆ ಗ್ರಾಂ ಪ್ರೋಟೀನ್ ಬೇಕು. 60 ಕೆ.ಜಿ. ಹುಡುಗನಿಗೆ ದಿನಕ್ಕೆ 90 ಗ್ರಾಂ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ, ಒಂದು ಮೊಟ್ಟೆಯಲ್ಲಿ ಆರು, ದೊಡ್ಡ ಲೋಟ ಹಾಲಿನಲ್ಲಿ ಎಂಟು ಗ್ರಾಂ ಸಿಗುತ್ತದೆ. ಜೋಳದ ರೊಟ್ಟಿ, ಮೊಳಕೆ ಕಾಳು, ಮೊಸರು, ಬೇಳೆ ಸೇರಿದರೆ ಮನೆಯ ಊಟದಲ್ಲೇ ಹೆಚ್ಚಿನ ಪಾಲು ಬರುತ್ತದೆ. ಬೇಗ ಮೈ ಬರುತ್ತದೆ ಎಂದು ಯಾರೋ ಕೊಡುವ ಇಂಜೆಕ್ಷನ್, ಹೆಸರಿಲ್ಲದ ಮಾತ್ರೆ ಮುಟ್ಟಲೇಬೇಡಿ. ಅವು ಹೃದಯವನ್ನೂ ಲಿವರನ್ನೂ ಕೆಡಿಸುತ್ತವೆ. ರಾತ್ರಿ ಒಂದು ಗಂಟೆವರೆಗೆ ರೀಲ್ಸ್ ನೋಡಿ ಬೆಳಿಗ್ಗೆ ಐದಕ್ಕೆ ಬಾರ್ ಹಿಡಿಯುವವರಿಗೆ ನಾನು ಹೇಳುವುದು, ಆ ದಿನ ಮಲಗಿ.

ಮಾರ್ಚ್‌ನಿಂದ ಮೇವರೆಗೆ ನಮ್ಮ ಬಯಲುಸೀಮೆಯ ಬಿಸಿಲು ನಿಮಗೆ ಗೊತ್ತು. ಆ ಮೂರು ತಿಂಗಳು ಏಳು ಗಂಟೆಯೊಳಗೆ ಗಡಿಯಾರದ ತಾಲೀಮು ಮುಗಿಯಲಿ. ತಗಡಿನ ಶೆಡ್ಡಿನೊಳಗೆ ಸಂಜೆ ನಾಲ್ಕಕ್ಕೆ ಮಾಡಬೇಡಿ.

ಒಂದು ಅಪಾಯವನ್ನು ಬಿಡಿಸಿ ಹೇಳಲೇಬೇಕು. ಅಭ್ಯಾಸವಿಲ್ಲದ ಮೈಗೆ, ಅಥವಾ ತಿಂಗಳುಗಟ್ಟಲೆ ಬಿಟ್ಟು ಬಂದ ಮೈಗೆ ಒಂದೇ ದಿನ ನೂರಾರು ಸ್ಕ್ವಾಟ್ ಹೇರಿದರೆ ಸ್ನಾಯುವಿನ ಕೋಶಗಳು ಒಡೆದು ಅವುಗಳೊಳಗಿನ ವಸ್ತು ರಕ್ತಕ್ಕೆ ಸೇರುತ್ತದೆ, ಮೂತ್ರಪಿಂಡಕ್ಕೆ ಪೆಟ್ಟಾಗುತ್ತದೆ. ಡಾಕ್ಟರುಗಳು ಇದನ್ನು ರ್ಯಾಬ್ಡೊಮಯೋಲಿಸಿಸ್ ಎನ್ನುತ್ತಾರೆ. ಮರುದಿನದ ಸಾಮಾನ್ಯ ಮೈಕೈ ನೋವಲ್ಲ ಇದು. ತೊಡೆ ಊದುತ್ತದೆ, ಮುಟ್ಟಲಾಗದಷ್ಟು ನೋವು, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ತಿರುಗುತ್ತದೆ. ಹಾಗಾದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಅದೇ ಗಂಟೆ ಆಸ್ಪತ್ರೆಗೆ ಹೋಗಿ. ಹೊಸಬರು ತಂಡಕ್ಕೆ ಬಂದಾಗ ಅವರ ತಾಕತ್ತು ನೋಡುತ್ತೇವೆಂದು ಮೊದಲ ದಿನವೇ ಸುಸ್ತು ಮಾಡಿಸುವ ಚಾಳಿ ಇದ್ದರೆ ಇವತ್ತೇ ಬಿಡಿ. ಹೊಸಬನ ಮೊದಲ ವಾರ ಅರ್ಧ ಹೊಟ್ಟೆಯ ಊಟದಷ್ಟೇ ತಾಲೀಮು.

ಮಕ್ಕಳೇ, ಗಡಿಯಾರದ ತಾಲೀಮಿನಲ್ಲಿ ಇರುವ ಹುರುಪನ್ನು ನಾನು ಬಲ್ಲೆ. ಎದೆ ಬಡಿದುಕೊಳ್ಳುವಾಗ, ಪಕ್ಕದವನ ಉಸಿರು ಕೇಳುವಾಗ ಇನ್ನೊಂದು ಎತ್ತೋಣ ಅನ್ನಿಸುತ್ತದೆ. ಆ ಛಲ ಒಳ್ಳೆಯದೇ, ಅದು ಇರಬೇಕು. ಆದರೆ ಛಲ ಭಾರದ ಜತೆ ಇರಲಿ, ಲೆಕ್ಕದ ಜತೆ ಬೇಡ. ಕೆಟ್ಟದಾಗಿ ಎತ್ತಿದ ಹತ್ತಕ್ಕಿಂತ ಚೆನ್ನಾಗಿ ಎತ್ತಿದ ಆರು ಕಾಲಿಗೆ ಹೆಚ್ಚು ಕೊಡುತ್ತದೆ. ತನ್ನ ತಪ್ಪು ಲೆಕ್ಕವನ್ನು ತಾನೇ ಬಿಟ್ಟುಕೊಡುವವನು ಶೆಡ್ಡಿನ ಹೊರಗೂ ನಂಬಿಕೆಗೆ ಅರ್ಹನಾಗುತ್ತಾನೆ.

ನಾಳೆಯಿಂದಲೇ ಶುರು ಮಾಡಿ. ಬೋರ್ಡಿನ ಮೇಲೆ ಸಮಯದ ಪಕ್ಕದಲ್ಲಿ ಇನ್ನೊಂದು ಕಾಲಂ ಎಳೆದು, ಮೊಣಕೈ ಇಳಿಯದೆ ಎಷ್ಟಾಯಿತು ಎಂದು ಬರೆಯಿರಿ. ಆರು ತಿಂಗಳು ಎರಡನ್ನೂ ಬರೆದು ನೋಡಿ. ಎರಡನೇ ಕಾಲಂ ಏರಿದವರ ಮೊದಲನೇ ಕಾಲಂ ತಾನಾಗಿ ಇಳಿದಿರುತ್ತದೆ. ಈ ಕ್ರಮ ನಮ್ಮ ಬಾತಿಯ ಹುಡುಗ ಹುಡುಗಿಯರಿಂದ ಶುರುವಾಗಲಿ, ದಾವಣಗೆರೆ, ಹರಿಹರದವರು ನೋಡಿ ಕಲಿಯಲಿ. ನಿಮಗೆ ಒಳ್ಳೆಯದಾಗಲಿ.